ಕ್ಯೂನಲ್ಲಿ ನಿಂತ ಒಂದು ಪತ್ರ

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಯ್ತು. ಬರೆಯೋಕೆ ಏನೂ ಇಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಮೊನ್ನೆ ಭಾನುವಾರ ಹಳೇ ಹಾರ್ಡ್ ಡಿಸ್ಕ್ ಒಂದನ್ನ ಗುಜರಿಗೆ ಹಾಕೋ ಮುಂಚೆ ಒಳಗೇನಿದೆ ನೋಡೋಣ ಅಂತ ಕಂಪ್ಯೂಟರಿಗೆ ಜೋಡಿಸಿದೆ. ತಂಗಿ ಮದುವೆ ಫೋಟೋಗಳು, ಎಲ್ಲಿಂದಲೋ ಇಳಿಸಿಕೊಂಡ ಹಾಡುಗಳು, ನುಡಿಯಲ್ಲಿ ಟೈಪ್ ಮಾಡಿದ್ದ, ಈಗ ತೆರೆದರೆ ಬರೀ ಗೀಚಿದಂತೆ ಕಾಣೋ ಒಂದಷ್ಟು ಕಥೆಗಳು. ಇವೆಲ್ಲದರ ನಡುವೆ 'ಹಳೆ ಸರ್ವರ್' ಅನ್ನೋ ಫೋಲ್ಡರ್. ನಾನು ಕಾಲೇಜಿನಲ್ಲಿ ಕೆಲಸಕ್ಕಿದ್ದಾಗ ನೋಡಿಕೊಳ್ಳುತ್ತಿದ್ದ ಮೇಲ್ ಸರ್ವರಿನ ಸೆಟ್ಟಿಂಗ್ ಫೈಲುಗಳು ಅದರಲ್ಲಿದ್ದವು. ಡಿಸ್ಕ್ ಗುಜರಿಗೆ ಹೋಗಲಿಲ್ಲ. ಯಾಕೆ ಅಂತ ಹೇಳೋಕೇ ಈ ಪೋಸ್ಟು.

ಹುಬ್ಬಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ಹೆಸರು ಬೇಡ. ನಾನು ಅಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಹೆಸರಿಗೆ ಮಾತ್ರ ಇನ್‌ಸ್ಟ್ರಕ್ಟರ್. ನೆಟ್‌ವರ್ಕ್ ಕೇಬಲ್ ಎಳೆಯೋದು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ತೆಗೆಯೋದು, ಪ್ರಿನ್ಸಿಪಾಲರ ಮಗನ ಲ್ಯಾಪ್‌ಟಾಪಿಗೆ ವೈರಸ್ ಬಿಡಿಸೋದು ಎಲ್ಲ ನನ್ನ ಪಾಲಿಗೇ. ಮೇಲ್ ಸರ್ವರೂ ನನ್ನದೇ. ಒಂದು ಜೋಡಿಸಿದ ಪಿಸಿ, 1 ಜಿಬಿ ರ್‍ಯಾಮ್, ಎರಡು ಸಾದಾ ಹಾರ್ಡ್ ಡಿಸ್ಕು. ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸಿಗೆ ಡವ್‌ಕಾಟ್, ವೈರಸ್ ನೋಡೋಕೆ ಅಮಾವಿಸ್ ಮತ್ತು ಕ್ಲ್ಯಾಮ್‌ಎವಿ. ಎಲ್ಲ ಪುಕ್ಕಟೆ. ವಿದ್ಯಾರ್ಥಿಗಳು, ಸ್ಟಾಫು ಎಲ್ಲ ಸೇರಿ ಸುಮಾರು 3600 ಮೇಲ್‌ಬಾಕ್ಸ್. ದಿನಕ್ಕೆ ಕೆಲವು ನೂರು ಮೇಲ್ ಬರ್ತಿತ್ತು, ಹೋಗ್ತಿತ್ತು. ಮಷೀನು ನಿದ್ದೆ ಹೊಡೀತಾ ಇರ್ತಿತ್ತು ಅಂದ್ರೂ ತಪ್ಪಿಲ್ಲ.

2009ರ ಮಾತು. ಕಾಲೇಜಿನ ಟೆಕ್ ಫೆಸ್ಟು ಹತ್ತಿರ ಬಂದಿತ್ತು. ಆಹ್ವಾನ ಪತ್ರಿಕೆ ಬಣ್ಣಬಣ್ಣದ ಪಿಡಿಎಫ್, 2 ಎಂಬಿ. ಪ್ರಿನ್ಸಿಪಾಲರು ಕರೆದು, "ಎಲ್ಲಾರಿಗೂ ಮೇಲ್ ಮಾಡಿಬಿಡ್ರಿ, ಪೇಪರ್ ಖರ್ಚಾದ್ರೂ ಉಳೀತದ" ಅಂದ್ರು. ಅಷ್ಟಕ್ಕೇ 'ಸರಿ ಸರ್' ಅಂತ ಬಂದಿದ್ರೆ ಈ ಕಥೆಯೇ ಇರ್ತಿರಲಿಲ್ಲ. ನನಗೆ ಹುರುಪು ಜಾಸ್ತಿ. "ಸರ್, ಪ್ರತಿಯೊಬ್ಬರ ಹೆಸರೂ ಮೇಲೆ ಹಾಕಿ ಕಳಿಸೋಣ. 'ಪ್ರೀತಿಯ ಇಂಥವರೇ' ಅಂತ. ನೋಡಿದವರಿಗೆ ಖುಷಿ ಆಗುತ್ತೆ" ಅಂದೆ. ಅವರಿಗೂ ಹಿಡಿಸಿತು. ಅರ್ಧ ಗಂಟೆಯಲ್ಲಿ ಒಂದು ಪಿಎಚ್‌ಪಿ ಸ್ಕ್ರಿಪ್ಟ್ ಬರೆದೆ. ಡೇಟಾಬೇಸಿನಿಂದ ಒಂದು ಹೆಸರು ತಗೋ, ಪತ್ರದ ಮೇಲೆ ಹಾಕು, ಪಿಡಿಎಫ್ ಅಂಟಿಸು, ಕಳಿಸು, ಮುಂದಿನ ಹೆಸರು ತಗೋ. ಮಧ್ಯಾಹ್ನ ಒಂದು ಗಂಟೆಗೆ ಓಡಿಸಿ ಊಟಕ್ಕೆ ಹೋದೆ. ಸ್ಕ್ರಿಪ್ಟು ಅರ್ಧ ಗಂಟೆಯೊಳಗೆ ಮುಗಿದಿತ್ತು. ಭಲೇ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ :-)

ಸ್ಕ್ರಿಪ್ಟು ಮುಗಿದಿತ್ತು, ಆದರೆ ಮೇಲ್ ಹೋಗಿರಲಿಲ್ಲ. ಎಲ್ಲ ಕ್ಯೂನಲ್ಲಿ ನಿಂತಿದ್ದವು.

ಇಲ್ಲಿಂದ ಸ್ವಲ್ಪ ತಾಂತ್ರಿಕ. ಬೇಡ ಅನ್ನೋರು ನಾಲ್ಕು ಪ್ಯಾರಾ ಹಾರಿಸಿ, ನಾನೇನೂ ಬೇಜಾರು ಮಾಡ್ಕೊಳಲ್ಲ. ಆದರೆ ಓದಿದರೆ ನನ್ನ ಪೆದ್ದುತನ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಕಾಲೇಜಿನಲ್ಲಿ ಓದಿದವರಿಗೆಲ್ಲ ನೋಟೀಸ್ ಪುಸ್ತಕ ಗೊತ್ತಿರುತ್ತೆ. ಪ್ರಿನ್ಸಿಪಾಲರು ಒಂದು ಹಾಳೆ ಬರೀತಾರೆ. ಅಟೆಂಡರ್ ಅದನ್ನ ಕ್ಲಾಸಿಂದ ಕ್ಲಾಸಿಗೆ ಒಯ್ತಾನೆ. ಮೇಷ್ಟ್ರು ಓದಿ ಸಹಿ ಹಾಕ್ತಾರೆ. ಹಾಳೆ ಒಂದೇ, ಕೇಳಿದವರು ಸಾವಿರ. ಮೇಲ್ ಕೂಡ ಮೊದಲಿಂದ ಹೀಗೇ ಯೋಚಿಸಿ ಮಾಡಿದ್ದು. ಎರಡು ಸರ್ವರುಗಳು ಎಸ್‌ಎಂಟಿಪಿಯಲ್ಲಿ ಮಾತಾಡುವಾಗ ಮೊದಲು 'ಯಾರಿಂದ' ಅಂತ ಒಂದು ಸಾಲು, ಆಮೇಲೆ 'ಯಾರಿಗೆ' ಅಂತ ಎಷ್ಟು ಬೇಕಾದರೂ ಸಾಲು, ಕೊನೆಗೆ ಪತ್ರದ ಒಡಲು, ಒಂದೇ ಸಲ. 1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿಯ ನಿಯಮ ಬರೆದಾಗಲೇ, ಒಂದೇ ಪತ್ರ ಒಂದೇ ಸರ್ವರಿನ ಹಲವರಿಗೆ ಹೋಗೋದಾದರೆ ಪತ್ರದ ಒಂದೇ ಪ್ರತಿ ಕಳಿಸಿ ಅಂತ ಹೇಳಿದ್ದರು. ಒಂದು ಸಲಕ್ಕೆ ಕನಿಷ್ಠ 100 ಜನರನ್ನಾದರೂ ಸರ್ವರ್ ಒಪ್ಪಿಕೊಳ್ಳಬೇಕು ಅನ್ನೋದೂ ಅದರಲ್ಲೇ ಇದೆ, 2008ರ ಪರಿಷ್ಕೃತ ನಿಯಮದಲ್ಲೂ ಇದೆ. ಪೋಸ್ಟ್‌ಫಿಕ್ಸ್ ತಾನಾಗಿಯೇ 50 ಜನರ ಕಂತು ಮಾಡಿ ಕೊಡುತ್ತೆ. ಇಷ್ಟೆಲ್ಲ ಸೌಕರ್ಯ ಇರುವಾಗ ನಾನು ಮಾಡಿದ್ದೇನು? ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು ಹಾಕಿದ್ದರಿಂದ ಒಂದು ಪತ್ರಕ್ಕೆ 3600 ವಿಳಾಸ ಇರೋ ಬದಲು 3600 ಪತ್ರ ಆಯ್ತು. ಅಟೆಂಡರ್ ಕೈಗೆ 3600 ನೋಟೀಸ್ ಪುಸ್ತಕ ಕೊಟ್ಟು ಹೋಗಪ್ಪಾ ಅಂದ ಹಾಗೆ.

ಪಿಡಿಎಫ್‌ನಂಥ ಫೈಲನ್ನ ಮೇಲ್‌ಗೆ ಅಂಟಿಸುವಾಗ ಅದನ್ನ ಅಕ್ಷರಗಳಾಗಿ ಬದಲಾಯಿಸ್ತಾರೆ, ಮೂರು ಬೈಟಿಗೆ ನಾಲ್ಕು ಅಕ್ಷರ. ಅಂದರೆ 2 ಎಂಬಿ ಇದ್ದದ್ದು 2.7 ಎಂಬಿ ಆಗುತ್ತೆ. ಗುಣಿಸು 3600. ಹತ್ತಿರ ಹತ್ತಿರ 10 ಜಿಬಿ! ಒಂದೇ ಆಹ್ವಾನ ಪತ್ರಿಕೆ! ಅದೂ ಹೋಗಲಿ, ಡಿಸ್ಕಲ್ಲಿ ಜಾಗ ಇತ್ತು. ನಿಜವಾದ ಕಂಟಕ ವೈರಸ್ ತಪಾಸಣೆ. ಅಮಾವಿಸ್ ಒಂದೊಂದು ಪತ್ರವನ್ನೂ ಬಿಚ್ಚಿ ನೋಡಿ ಮುಂದೆ ಬಿಡುತ್ತೆ. 50 ಜನರ ಹೆಸರಿರೋ ಒಂದು ಪತ್ರವನ್ನ ಒಂದೇ ಸಲ ನೋಡುತ್ತೆ, 50 ಬೇರೆ ಪತ್ರಗಳನ್ನ 50 ಸಲ ನೋಡುತ್ತೆ. ನಮ್ಮ ಸರ್ವರಲ್ಲಿ ಒಟ್ಟಿಗೆ ಇಬ್ಬರೇ ತಪಾಸಣೆಯವರು, ಅಂದರೆ ಎರಡೇ ಪ್ರೋಸೆಸ್.

ಸಾಲದ್ದಕ್ಕೆ ಕ್ಲ್ಯಾಮ್‌ಎವಿ. ಅದಕ್ಕೆ ಎರಡು ರೂಪ. ಒಂದು, ವೈರಸ್ ಪಟ್ಟಿಯನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಂಡು ಸದಾ ಎದ್ದಿರೋದು. ಇನ್ನೊಂದು, ಕರೆದಾಗಲೆಲ್ಲ ಆ ಪಟ್ಟಿಯನ್ನ ಮೊದಲಿಂದ ಓದಿಕೊಂಡು ಆಮೇಲೆ ಕೆಲಸಕ್ಕೆ ಇಳಿಯೋದು. ಚಹಾದಂಗಡಿಯವನು ಒಲೆ ಉರಿಸಿಟ್ಟುಕೊಂಡಿರೋದಕ್ಕೂ, ಪ್ರತಿ ಗಿರಾಕಿಗೂ ಹೊಸದಾಗಿ ಒಲೆ ಹಚ್ಚೋದಕ್ಕೂ ಇರೋ ವ್ಯತ್ಯಾಸ. ನಮ್ಮಲ್ಲಿ ಮೊದಲನೆಯದು ಯಾವಾಗಲೋ ನಿಂತು ಹೋಗಿತ್ತು. ಅಮಾವಿಸ್ ಪಾಪ, ಅದು ಸಿಗದೆ ಎರಡನೆಯದನ್ನ ಕರೆದು ಕೆಲಸ ನಡೆಸ್ತಿತ್ತು. ದಿನಕ್ಕೆ ನೂರಿನ್ನೂರು ಮೇಲ್ ಇದ್ದಾಗ ಯಾರಿಗೆ ಗೊತ್ತಾಗಬೇಕು? ಒಂದು ಮೇಲ್‌ಗೆ ಸುಮಾರು 12 ಸೆಕೆಂಡ್ ಹಿಡೀತಿತ್ತು. ಇಬ್ಬರು ಸೇರಿ ನಿಮಿಷಕ್ಕೆ ಹತ್ತು. 3600ಕ್ಕೆ ಆರು ಗಂಟೆ!

ಈ ಲೆಕ್ಕ ಎಲ್ಲ ನಾನು ಆಮೇಲೆ ಮಾಡಿದ್ದು. ಅವತ್ತು ಮೂರೂವರೆಗೆ ಪ್ರಿನ್ಸಿಪಾಲರ ಫೋನು, "ಏನ್ರೀ, ಯಾವ ಮೇಲೂ ಬರವಲ್ದಲ್ಲ?" ಕ್ಯೂ ನೋಡಿದೆ. ಎರಡು ಸಾವಿರಕ್ಕೂ ಮೇಲೆ. ಎದೆ ಧಸಕ್ ಅಂತು. ಇಬ್ಬರು ತಪಾಸಣೆಯವರು ಸಾಲದಿದ್ರೆ ಹತ್ತು ಜನರನ್ನ ಕೂರಿಸೋಣ ಅಂತ ಒಂದು ಅಂಕಿ ಬದಲಾಯಿಸಿದೆ. ಹತ್ತು ಜನರೂ ಒಟ್ಟಿಗೆ ಹತ್ತು ವೈರಸ್ ಪಟ್ಟಿಗಳನ್ನ ಮೆಮೊರಿಗೆ ಎಳೆದುಕೊಂಡರು. 1 ಜಿಬಿ ರ್‍ಯಾಮ್ ತುಂಬಿತು. ಮಷೀನು ಡಿಸ್ಕನ್ನೇ ಮೆಮೊರಿ ಥರ ಬಳಸೋಕೆ ಶುರು ಮಾಡಿತು. ನಿಮಿಷಕ್ಕೆ ಹತ್ತು ಹೋಗ್ತಿದ್ದದ್ದು ನಿಮಿಷಕ್ಕೆ ಒಂದೂ ಇಲ್ಲ. ಕೀಬೋರ್ಡಲ್ಲಿ ಒಂದು ಅಕ್ಷರ ಒತ್ತಿದರೆ ಪರದೆ ಮೇಲೆ ಮೂಡೋಕೆ ಅರ್ಧ ನಿಮಿಷ. ಕೊನೆಗೆ ಬಟನ್ ಒತ್ತಿ ಆರಿಸಿ, ಮತ್ತೆ ಏಳಿಸಿ, ಅಂಕಿಯನ್ನ ಮತ್ತೆ ಎರಡಕ್ಕೆ ತಂದೆ. ಅಷ್ಟರಲ್ಲಿ ಹತ್ತಿರ ಹತ್ತಿರ ಎರಡು ಗಂಟೆ ಮಣ್ಣುಪಾಲು. ಪೋಸ್ಟ್‌ಫಿಕ್ಸಿನ ಒಂದು ಒಳ್ಳೇ ಗುಣ ಅಂದ್ರೆ ಕ್ಯೂ ಡಿಸ್ಕಿನ ಮೇಲಿರುತ್ತೆ, ಕರೆಂಟು ಹೋದರೂ ಪತ್ರ ಕಳೆಯಲ್ಲ. ಹಾಗಾಗಿ ಒಂದೂ ಕಳೆದಿರಲಿಲ್ಲ. ಆರೂವರೆಗೆ ನೋಡಿದಾಗ ನಿಧಾನಕ್ಕೆ ಕರಗ್ತಾ ಇತ್ತು. ರಾತ್ರಿಯೊಳಗೆ ಮುಗಿಯುತ್ತೆ, ಹಬ್ಬದ ಆಮಂತ್ರಣ ತಾನೇ, ನಾಳೆ ನೋಡಿದರಾಯ್ತು ಅಂತ ಮನೆಗೆ ಹೋದೆ.

ಬ್ರೋಷರ್ ಮೇಲ್‌ಗಳನ್ನಷ್ಟೇ ಆರಿಸಿ ಬದಿಗೆ ನಿಲ್ಲಿಸೋಕೆ ಪೋಸ್ಟ್‌ಫಿಕ್ಸಿನಲ್ಲಿ ಒಂದು ಕಮಾಂಡ್ ಇದೆ. ಐದು ನಿಮಿಷದ ಕೆಲಸ. ನನಗೆ ಗೊತ್ತಿರಲಿಲ್ಲ. ಹುಡುಕಲೂ ಇಲ್ಲ. ಕ್ಯೂನಲ್ಲಿ ಬ್ರೋಷರ್ ಬಿಟ್ಟು ಬೇರೆಯವರ ಪತ್ರಗಳೂ ಇರಬಹುದು ಅನ್ನೋದು ನನ್ನ ತಲೆಗೇ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್ ಬಾಗಿಲು ತೆಗೆಯೋ ಹೊತ್ತಿಗೇ ಒಬ್ಬಳು ಹುಡುಗಿ ಕಾಯ್ತಾ ನಿಂತಿದ್ದಳು. ಕೊನೇ ವರ್ಷದವಳು. ಹಾವೇರಿ ಕಡೆಯ ಹಳ್ಳಿ, ಹಾಸ್ಟೆಲಿನಲ್ಲಿದ್ದಳು. ದಿನಾ ಸಂಜೆ ಲ್ಯಾಬಿಗೆ ಬಂದು ಮೇಲ್ ನೋಡಿ ಹೋಗ್ತಿದ್ದಳು, ಅದಕ್ಕೇ ಮುಖ ಗೊತ್ತಿತ್ತು. ಒಂದು ಕಂಪ್ಯೂಟರ್ ಮುಂದೆ ಕೂತು ಮೇಲ್ ತೆಗೆದು ನನ್ನನ್ನ ಕರೆದಳು.

"ಸರ್, ಈ ಮೇಲ್ ಖರೇನ ಯಾವಾಗ ಬಂದೈತಿ ಅಂತ ನೋಡಾಕ ಬರ್ತದೇನ್ರೀ?"

ಬೆಂಗಳೂರಿನ ಒಂದು ಕಂಪನಿಯ ಮೇಲ್. ಶನಿವಾರ ಸಂದರ್ಶನ, ಬರೋದಾದರೆ ಇವತ್ತು ಸಂಜೆ ಆರರೊಳಗೆ ಈ ಮೇಲ್‌ಗೆ ಉತ್ತರ ಕೊಡಿ ಅಂತ. 'ಇವತ್ತು' ಅಂದರೆ ನಿನ್ನೆ. ಅವಳು ನಿನ್ನೆ ಮೂರು ಗಂಟೆಗೆ ಬಂದು ನೋಡಿದ್ದಳು, ಐದೂವರೆಗೆ ಮತ್ತೆ ನೋಡಿದ್ದಳು. ಬಂದಿರಲಿಲ್ಲ.

2009 ಅಂದ್ರೆ ಎಂಥಾ ವರ್ಷ ಅಂತ ಐಟಿಯಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಹಿಂದಿನ ವರ್ಷ ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ದರ ಏಟು ನಮ್ಮ ಪ್ಲೇಸ್‌ಮೆಂಟ್ ಆಫೀಸಿನವರೆಗೂ ಬಂದಿತ್ತು. ಅದರ ಹಿಂದಿನ ವರ್ಷಗಳಲ್ಲಿ ಬಸ್ಸುಗಟ್ಟಲೆ ಹುಡುಗರನ್ನ ತಗೊಂಡು ಹೋಗ್ತಿದ್ದ ಕಂಪನಿಗಳು ಆ ವರ್ಷ ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ.

ಪ್ರತಿ ಮೇಲ್‌ನ ನೆತ್ತಿ ಮೇಲೆ, ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳದ ಹೆಡರ್ ಸಾಲುಗಳಿರುತ್ತವೆ. ಪತ್ರ ದಾಟಿ ಬಂದ ಒಂದೊಂದು ಸರ್ವರೂ ತನ್ನ ಹೆಸರು, ಗಂಟೆ, ನಿಮಿಷ ಬರೆದು ಮುಂದೆ ಕಳಿಸುತ್ತೆ, ಪೋಸ್ಟಾಫೀಸಿನ ಠಸ್ಸೆ ಹಾಗೆ. ಕೆಳಗಿಂದ ಮೇಲಕ್ಕೆ ಓದಬೇಕು. ಓದಿದೆ. ಕಂಪನಿಯಿಂದ ಹೊರಟದ್ದು 14:09. ನಮ್ಮ ಸರ್ವರಿಗೆ ಬಂದದ್ದು 14:10. ಅದರ ಮೇಲಿನ ಸಾಲು, ಅದೂ ನಮ್ಮದೇ ಸರ್ವರ್, ತಪಾಸಣೆ ಮುಗಿದು ಹೊರಬಿದ್ದದ್ದು 20:52.

ಅವಳು ನನ್ನ ಬೆರಳಿನ ಜೊತೆಗೇ ಓದ್ತಾ ಇದ್ದಳು. "ಅಂದ್ರ ನಮ್ಮ ಕಾಲೇಜಿನಾಗ ನಿಂತಿತ್ತೇನ್ರೀ?" ಅಂದಳು.

ಹೌದು ಅಂದೆ. ಸರ್ವರಿನಲ್ಲಿ ತೊಂದರೆ ಆಗಿತ್ತು ಅಂದೆ. ತೊಂದರೆ ಆಗಿತ್ತು... ಯಾರೋ ಮೂರನೆಯವರು ಬಂದು ಮಾಡಿ ಹೋದ ಹಾಗೆ. ಹೆಸರು ಹಾಕಿ ಕಳಿಸೋಣ ಅಂದದ್ದು ನಾನು, ಅದಕ್ಕೇ ಪತ್ರ 3600 ಆಯ್ತು ಅಂತ ಹೇಳಲಿಲ್ಲ. ಇವತ್ತು ಇಲ್ಲಿ ಬರೀತಿರೋದೇ ಮೊದಲು.

ಹೆಡರ್ ಪ್ರಿಂಟ್ ತೆಗೆದೆ. ತಪ್ಪು ನಮ್ಮ ಸರ್ವರಿನದು, ವಿದ್ಯಾರ್ಥಿನಿಯದಲ್ಲ ಅಂತ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿದೆ. ಪ್ಲೇಸ್‌ಮೆಂಟ್ ಆಫೀಸರು ನನ್ನೆದುರೇ ಫೋನ್ ಮಾಡಿದರು. ಅತ್ತ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರಂತೆ. ಪಟ್ಟಿ ನಿನ್ನೆ ಸಂಜೆಯೇ ಮುಗೀತು, ಮುಂದಿನ ಸಲ ನೋಡೋಣ ಅಂದರಂತೆ. ಆ ವರ್ಷ ಮುಂದಿನ ಸಲ ಬರಲೇ ಇಲ್ಲ. ಅವಳು "ಇರ್ಲಿ ಬಿಡ್ರಿ ಸರ್" ಅಂತ ಹೇಳಿ ಹೋದಳು. ಪ್ರಿಂಟ್ ತಗೊಂಡು ಹೋಗಲಿಲ್ಲ.

ಆಮೇಲೆ ಒಂದು ತಿಂಗಳು ನಾನು ಪೋಸ್ಟ್‌ಫಿಕ್ಸಿನ ಪುಟಗಳನ್ನ ಪರೀಕ್ಷೆಗೆ ಓದೋ ಹಾಗೆ ಓದಿದೆ. ಅದರಲ್ಲಿ ಕ್ಯೂ ಹೇಗೆ ನಡೆಯುತ್ತೆ ಅಂತ ವಿವರಿಸೋ ಒಂದು ಪುಟ ಇದೆ. ಆ ಕ್ಯೂ ವ್ಯವಸ್ಥೆ ಪ್ಯಾಟ್ರಿಕ್ ರಾಕ್ ಅನ್ನೋರ ಕೆಲಸ. ಅದನ್ನ ಓದಿದಾಗ ಹೊಟ್ಟೆ ಉರಿದು ಹೋಯ್ತು. ಕರೆಂಟ್ ಬಿಲ್ ಕಟ್ಟೋ ಕೌಂಟರಿನಲ್ಲಿ ಯಾರೋ ಒಬ್ಬ ಇಡೀ ಓಣಿಯ ಬಿಲ್ಲುಗಳನ್ನ ಹಿಡಿದು ನಿಂತಿದ್ದಾನೆ ಅಂದ್ಕೊಳ್ಳಿ. ಹಿಂದೆ ಒಂದೇ ಬಿಲ್ ಹಿಡಿದ ಅಜ್ಜಿ ಬಂದರೆ "ಅಜ್ಜಿ, ನೀವು ಮೊದಲು ಕಟ್ರಿ" ಅಂತ ದಾರಿ ಬಿಡ್ತಾನಲ್ಲ? ಪೋಸ್ಟ್‌ಫಿಕ್ಸ್ ಅದನ್ನೇ ಮಾಡುತ್ತೆ. ಸಾವಿರಾರು ವಿಳಾಸ ಇರೋ ಒಂದು ಪತ್ರ ನಡೀತಿರುವಾಗ ಒಂದೇ ವಿಳಾಸದ ಪತ್ರ ಬಂದರೆ ಅದನ್ನ ನಡುವೆ ನುಗ್ಗೋಕೆ ಬಿಡುತ್ತೆ. ಆದರೆ ನಾನು ಓಣಿಯ ಬಿಲ್ಲನ್ನ ಒಬ್ಬನ ಕೈಗೆ ಕೊಟ್ಟಿರಲಿಲ್ಲ. 3600 ಜನರನ್ನ ಸಾಲಾಗಿ ನಿಲ್ಲಿಸಿದ್ದೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಿಲ್. ಅಜ್ಜಿಯೂ ಅವರಲ್ಲಿ ಒಬ್ಬಳು. ಯಾರು ಯಾರಿಗೆ ದಾರಿ ಬಿಡಬೇಕು?

ಒಂದೇ ಪತ್ರ ಮಾಡಿ ಕಳಿಸಿದ್ದರೆ 50ರ ಕಂತಿನಲ್ಲಿ 72 ತಪಾಸಣೆ ಸಾಕಿತ್ತು. ಆ ಒಲೆ ಹಚ್ಚೋ ಕ್ಲ್ಯಾಮ್‌ಎವಿ ಇದ್ದರೂ ಏಳೆಂಟು ನಿಮಿಷ. ಅಷ್ಟರ ನಡುವೆಯೂ ಅವಳ ಪತ್ರಕ್ಕೆ ದಾರಿ ಸಿಗ್ತಿತ್ತು.

ಒಂದೊಂದೇ ಸರಿ ಮಾಡಿದೆ. ವೈರಸ್ ತಪಾಸಣೆಯ ಸದಾ ಎದ್ದಿರೋ ರೂಪ ಬಿದ್ದರೆ ನನ್ನ ಮೊಬೈಲಿಗೆ ಎಸ್‌ಎಂಎಸ್ ಬರೋ ಹಾಗೆ. 'ಪ್ರೀತಿಯ ಇಂಥವರೇ' ರದ್ದು, ಎಲ್ಲರಿಗೂ ಒಂದೇ 'ಪ್ರಿಯ ವಿದ್ಯಾರ್ಥಿಗಳೇ'. ವಿಳಾಸಗಳೆಲ್ಲ ಒಂದು ಫೈಲಿನಲ್ಲಿ, ಅದಕ್ಕೊಂದು ಗುಂಪಿನ ಹೆಸರು. ಪಿಡಿಎಫ್ ಕಾಲೇಜಿನ ಒಳಗಿನ ವೆಬ್ ಸರ್ವರಿನಲ್ಲಿ, ಮೇಲ್‌ನಲ್ಲಿ ಬರೀ ಕೊಂಡಿ. ಗುಂಪಿನ ಮೇಲ್‌ಗೆ ಬೇರೆ ಬಾಗಿಲು, ಒಬ್ಬನೇ ತಪಾಸಣೆಯವನು, ಅವನ ಸಾಲು ಎಷ್ಟೇ ಉದ್ದ ಆದರೂ ಮಾಮೂಲಿ ಬಾಗಿಲಿಗೆ ತಾಗಬಾರದು. ಕಳಿಸೋದು ರಾತ್ರಿ ಹತ್ತರ ನಂತರ. ಇಷ್ಟಕ್ಕೇ ಪ್ರಿನ್ಸಿಪಾಲರ ಜೊತೆ ಒಂದು ಸಣ್ಣ ಜಗಳ ಆಯ್ತು, ಅವರಿಗೆ ಹೆಸರು ಬೇಕೇ ಬೇಕಿತ್ತು. ಚಟ ಹತ್ತಿಸಿದವನು ನಾನೇ ಅಲ್ವಾ.

ಕೊನೇ ಮೆಟ್ಟಿಲಿನ ಅಡಚಣೆ ಮಾತ್ರ ಉಳಿದಿತ್ತು. ಪತ್ರ ಒಂದೇ ಬಂದರೂ ಮೇಲ್‌ಬಾಕ್ಸಿಗೆ ಹಾಕುವಾಗ ಒಬ್ಬೊಬ್ಬರಿಗೂ ಒಂದೊಂದು ಸಲ ಆ ಪ್ರೋಗ್ರಾಂ ಎದ್ದು, ಕೆಲಸ ಮಾಡಿ, ಮಲಗ್ತಿತ್ತು. 3600 ಸಲ. 2010ರಲ್ಲಿ ಡವ್‌ಕಾಟ್ 2.0 ಬಂದಾಗ ಅದರ ಜೊತೆ ಎಲ್‌ಎಂಟಿಪಿ ಬಂತು. ನಿಯಮ 1996ರಷ್ಟು ಹಳೇದು, ನಮ್ಮ ಡವ್‌ಕಾಟಿಗೆ ಬಂದದ್ದು ಆಗ. ಎಸ್‌ಎಂಟಿಪಿಯ ತಮ್ಮ ಅನ್ನಬಹುದು. ಪತ್ರ ಒಂದು, ಹೆಸರು ಹಲವು, ಆದರೆ ಉತ್ತರ ಹೆಸರಿಗೊಂದು: ಇವನಿಗೆ ಮುಟ್ಟಿತು, ಇವಳಿಗೆ ಮುಟ್ಟಿತು, ಇವನ ಡಬ್ಬಿ ತುಂಬಿದೆ. ಎಸ್‌ಎಂಟಿಪಿಯಲ್ಲಿ ಪತ್ರ ಕೊಟ್ಟ ಮೇಲೆ ಎಲ್ಲರಿಗೂ ಸೇರಿ ಒಂದೇ ಉತ್ತರ. ಐವತ್ತರಲ್ಲಿ ಒಬ್ಬನ ಡಬ್ಬಿ ತುಂಬಿದ್ದರೆ ಏನು ಹೇಳೋದು ಅಂತ ಪೇಚಾಟ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೈರಸ್ ಸರ್ವರಿನಲ್ಲಿ ಇನ್ನೂ ಒಂದು ಚಮತ್ಕಾರ ಇದೆ. ಎಲ್‌ಎಂಟಿಪಿಯಲ್ಲಿ ಹೀಗೆ ಬಂದ ಪತ್ರವನ್ನ ಡಿಸ್ಕಿನಲ್ಲಿ ಒಂದೇ ಸಲ ಬರೆದು, ಎಲ್ಲ ಮೇಲ್‌ಬಾಕ್ಸಿನಿಂದಲೂ ಅದೇ ಫೈಲಿಗೆ ಹಾರ್ಡ್ ಲಿಂಕ್ ಕೊಡುತ್ತೆ. ಅದಕ್ಕೆ ಹಾರೋಣ ಅಂತ ಎರಡು ರಾತ್ರಿ ಯೋಚಿಸಿದೆ. ಆದರೆ ಆ ಹೊತ್ತಿಗೆ ನಮ್ಮ ಪತ್ರವೇ ನಾಲ್ಕು ಸಾಲಿನದಾಗಿತ್ತು. ನಾಲ್ಕು ಸಾಲಿಗೆ ಯಾಕಪ್ಪಾ ಅಷ್ಟು ಕಷ್ಟ ಅಂತ ಬಿಟ್ಟೆ. 3600 ಮೇಲ್‌ಬಾಕ್ಸಿಗೆ ನಾಲ್ಕು ನಿಮಿಷ ಚಿಲ್ಲರೆ ಹಿಡೀತಿತ್ತು, ಅದೇ ಹಳೇ ಮಷೀನಿನಲ್ಲಿ. ಹೊಸ ಸರ್ವರ್ ಕೊಡಿಸಿ ಅಂತ ನಾನು ಬರೆದಿದ್ದ ಅರ್ಜಿಯನ್ನ ನಾನೇ ವಾಪಸ್ ತಗೊಂಡೆ.

ಅಂದ ಹಾಗೆ ಇದರಲ್ಲಿ ಎಡವಿದವರಲ್ಲಿ ನಾನೇನೂ ಮೊದಲಿಗನಲ್ಲ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥ್ಯೂರ್ಕ್ ಅನ್ನೋರು ಅರ್ಪಾನೆಟ್ಟಿನ ಸುಮಾರು 400 ಜನರಿಗೆ ಕಂಪ್ಯೂಟರ್ ಮಾರಾಟದ ಒಂದು ಮೇಲ್ ಕಳಿಸಿದರು. ಮೊದಲ ಸ್ಪ್ಯಾಮ್ ಅಂತ ಹೆಸರಾಗಿರೋದು ಅದೇ. ವಿಳಾಸಗಳು 'ಯಾರಿಗೆ' ಅನ್ನೋ ಜಾಗದಲ್ಲಿ ಹಿಡಿಸದೆ ಉಕ್ಕಿ ಪತ್ರದ ಒಡಲಿಗೇ ಬಂದು ಬಿದ್ದಿದ್ದವು. ಅದನ್ನ ಓದಿದಾಗ ನನಗೆ ಯಾಕೋ ಸ್ವಲ್ಪ ಸಮಾಧಾನ ಆಗಿತ್ತು :-)

ಆ ಹುಡುಗಿ ಒಂದು ವರ್ಷ ರಾಣೆಬೆನ್ನೂರಿನಲ್ಲಿ ಪಾಠ ಮಾಡಿದಳು ಅಂತ ಯಾರೋ ಹೇಳಿದ್ದರು. ಆಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತಂತೆ. 2014ರಲ್ಲಿ ಯಾವುದೋ ಸರ್ಟಿಫಿಕೇಟಿಗೆ ಅಂತ ಕಾಲೇಜಿಗೆ ಬಂದಾಗ ಲ್ಯಾಬಿಗೂ ಬಂದಳು, ಗಂಡನ ಜೊತೆ. ನನಗೆ ತಕ್ಷಣ ಗುರುತು ಸಿಕ್ಕಲಿಲ್ಲ. ಅವಳೇ ನಗ್ತಾ ಕೇಳಿದಳು, "ಸರ್, ಈಗರ ಮೇಲ್ ಲಗೂನ ಬರ್ತಾವೇನ್ರೀ?"

ಬರ್ತವೆ ಅಂದೆ. ಚಹಾ ತರಿಸಿದೆ. ಅವತ್ತಾದರೂ ಹೇಳಬಹುದಿತ್ತು. ಗಂಡ ಜೊತೆಗಿದ್ದ, ಹಳೇದೆಲ್ಲ ಯಾಕೆ ಅಂತ ಸುಮ್ಮನಾದೆ.

2016ರಲ್ಲಿ ಕಾಲೇಜು ಮೇಲ್ ವ್ಯವಸ್ಥೆಯನ್ನೆಲ್ಲ ಹೊರಗಿನ ಕಂಪನಿಗೆ ಕೊಟ್ಟಿತು. ನಾನೇ ಆ ಮಷೀನಿನ ಪ್ಲಗ್ ಕಿತ್ತೆ. ಅದಕ್ಕೆ ಮೊದಲು ಸೆಟ್ಟಿಂಗ್ ಫೈಲುಗಳನ್ನ ಈ ಡಿಸ್ಕಿಗೆ ಹಾಕಿಕೊಂಡಿದ್ದೆ. ಗುಂಪಿನ ಮೇಲ್‌ಗೆ ಬೇರೆ ಬಾಗಿಲು ಮಾಡಿದ್ದೆನಲ್ಲ, ಆ ಸಾಲಿನ ಮೇಲೆ ಒಂದು ಕಾಮೆಂಟ್ ಬರೆದಿದ್ದೆ, ಮುಂದೆ ಯಾರಾದರೂ ಬಂದು ಇದೇಕೆ ಅಂತ ಅಳಿಸಿಬಿಡಬಾರದು ಅಂತ. ಮೊನ್ನೆ ಭಾನುವಾರ ಫೈಲ್ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಎರಡೇ ಅಂಕಿ, ಬೇರೇನೂ ಇಲ್ಲ. 14:10, 20:52.